ಹಸ್ತಾಂತರ

ನಮ್ಮ ಬೆಡಗಿನವರ, ಅಂದರೆ ನಮ್ಮ ಕುಲದವರ, ದನಿ ಕಪ್ಪೆಯದು. ಕೆರೆಯಲ್ಲಿ ಕಪ್ಪೆ ಇದ್ದರೆ ನಮ್ಮ ಬಾಯಲ್ಲಿ ಮಾತು, ಅವುಗಳ ಕೂಗು ಎಷ್ಟು ದೂರ ಹೋದೀತೋ ಅಷ್ಟು ದೂರ ನಮ್ಮ ಸಂಸಾರ. ಅದರಾಚೆಗೆ ನಾವು ಹೆಣ್ಣು ಕೊಡುವುದಿಲ್ಲ, ಹೊಲ ಮಾಡುವುದಿಲ್ಲ, ಸಂತೆಗೆ ಹೋದರೆ ಬೆರಳಲ್ಲೇ ಚೌಕಾಸಿ. ಊರಿನಲ್ಲಿ ಒಂದೊಂದು ಬೆಡಗಿಗೆ ಒಂದೊಂದು ಜೀವ. ಬಾವಲಿ ಬೆಡಗಿನವರ ನಿದ್ದೆ ಬಾವಲಿಯದು, ಜೇನು ಬೆಡಗಿನವರ ನಾಲಗೆಯ ಸಿಹಿ ಜೇನಿನದು. ರಣಹದ್ದು ಬೆಡಗಿನವರಿಗೆ ಹಸಿವು ಹದ್ದಿನದಾಗಿತ್ತು. ನಾನು ಮದುವೆಯಾದ ವರ್ಷ ಊರ ಮೇಲೆ ಹಾರುತ್ತಿದ್ದ ಕೊನೆಯ ಹದ್ದು ಸತ್ತ ದನ ತಿಂದು ತಾನೂ ಸತ್ತುಬಿತ್ತು. ಅವತ್ತಿನಿಂದ ಆ ಬೀದಿಯವರಿಗೆ ಹಸಿವಿಲ್ಲ. ಹೊತ್ತಿಗೆ ಸರಿಯಾಗಿ ಪಕ್ಕದ ಬೀದಿಯವರು ತಟ್ಟೆ ಬಡಿಯುತ್ತಾರೆ, ಅವರು ಕೂತು ಉಣ್ಣುತ್ತಾರೆ. ಬಡಿಯುವವರು ನೆಂಟರ ಊರಿಗೆ ಹೋಗಿ ನಾಲ್ಕು ದಿನ ಹೆಚ್ಚಿಗೆ ನಿಂತಾಗ ಒಬ್ಬಿಬ್ಬರು ಒಣಗಿ ಸತ್ತದ್ದೂ ಉಂಟು. ಅದಕ್ಕೆ ಯಾರೂ ಜಗಳ ಮಾಡಲಿಲ್ಲ. ಮರೆತೆವಲ್ಲ ಎಂದು ನಾಚಿಕೊಂಡರು, ಅಷ್ಟೆ.

ಬೆಡಗು ತಾಯಿಯಿಂದ ಇಳಿಯುತ್ತದೆ. ನನ್ನಿಂದ ಮಗಳು ಮಾಳವ್ವನಿಗೆ, ಮಾಳವ್ವನಿಂದ ಅವಳ ಕೂಸಿಗೆ. ನಮ್ಮಲ್ಲಿ ಕೂಸಿನ ಮೊದಲ ಮಾತು ವರ್ಷದ ಮೊದಲ ಮಳೆಯ ದಿನ ಬರುತ್ತದೆ. ಮಳೆ ಬಿದ್ದು ಗಂಡು ಕಪ್ಪೆಗಳು ಗಂಟಲು ಉಬ್ಬಿಸಿ ಕೂಗಿದ ಕೂಡಲೇ, ತೊಟ್ಟಿಲಲ್ಲಿರಲಿ ತೊಡೆಯ ಮೇಲಿರಲಿ, ಕೂಸು ಬಾಯಿ ಬಿಡುತ್ತದೆ. ಅಲ್ಲಿಯವರೆಗೆ ಅದಕ್ಕೆ ಹೆಸರೂ ಇಲ್ಲ, ಬರೀ ಕೂಸು. ಮೂರು ಮಳೆಗಾಲದೊಳಗೆ ಮಾತು ಬಂದುಬಿಡಬೇಕು. ಬರದಿದ್ದರೆ ಆಮೇಲೆ ಕೆರೆಯೇ ಕಿತ್ತುಬರುವಂತೆ ಕಪ್ಪೆ ಕೂಗಿದರೂ ಬರುವುದಿಲ್ಲ. ಮಾಳವ್ವನ ಕೂಸಿಗೆ ಎರಡು ಮಳೆಗಾಲ ಹಾಗೇ ಹೋಗಿದ್ದವು. ಮೊದಲ ವರ್ಷ ಅದರ ಕಿವಿ ಸೋರುತ್ತಿತ್ತು, ಕೂಗು ಒಳಗೆ ಇಳಿಯಲಿಲ್ಲ. ಎರಡನೆಯ ವರ್ಷ ಕೂಗಿನಲ್ಲೇ ಬಲವಿರಲಿಲ್ಲ. ಕೂಸು ಬಾಯಿ ತೆರೆದು, ಏನೋ ನೆನಪಾಗದವರ ಹಾಗೆ ಮತ್ತೆ ಮುಚ್ಚಿಕೊಂಡಿತು. ಉಳಿದದ್ದು ಒಂದೇ ಮಳೆಗಾಲ.

ಕೂಗಿನ ಬಲ ಹೋದದ್ದು ಬಣ್ಣದ ಕಾರ್ಖಾನೆ ಬಂದ ಮೇಲೆ. ಕೆರೆಯ ಮೇಲುಗಡೆ ನೂಲಿಗೆ ಬಣ್ಣ ಕಟ್ಟುವ ಕಾರ್ಖಾನೆ. ಸೋಮವಾರ ಕೆರೆಗೆ ಬರುವ ಹಳ್ಳ ನೀಲಿ, ಗುರುವಾರ ಕೆಂಪು. ಕಪ್ಪೆಗಳು ಕಡಿಮೆಯಾದ ಹಾಗೆಲ್ಲ ನಮ್ಮ ಬೀದಿಯಲ್ಲಿ ಗಂಡಸರ ದನಿ ಸೀಳಿತು, ಹೆಂಗಸರು ಪಿಸುಮಾತಿಗೆ ಇಳಿದರು. ಬೇರೆ ಬೆಡಗಿನವರು, ಈ ಬೀದಿ ಈಗ ಎಷ್ಟು ಮರ್ಯಾದಸ್ತರ ಬೀದಿ ಆಯ್ತು ನೋಡಿ, ಎಂದು ಹಾಸ್ಯ ಮಾಡಿದರು.

ಕೂಸಿನ ಎರಡನೆಯ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಪಾಲುದಾರಿಕೆ ಯೋಜನೆ ಬಂತು. ಅದರ ಪೂರ್ತಿ ಹೆಸರು ಸಭೆಗೆ ಕಟ್ಟಿದ ಬಟ್ಟೆಯ ಮೇಲೆ ಎರಡು ಸಾಲು ಇತ್ತು. ಊರವರ ಬಾಯಲ್ಲಿ ಉಳಿದದ್ದು ಪಾಲುದಾರಿಕೆ ಒಂದೇ. ಕೆರೆ ಸರ್ಕಾರದ್ದು, ಖರ್ಚು ಕಾರ್ಖಾನೆಯ ಕಂಪನಿಯದು, ಸಾಕ್ಷಿ ಊರಿನದು. ಮೂವರೂ ಸೇರಿ ಅಳಿಯುತ್ತಿರುವ ಜೀವವನ್ನು ಉಳಿಸುವುದು. ನಮಗೆ ಇದು ತೀರ ಹೊಸತಲ್ಲ. ಮೂರು ವರ್ಷದ ಹಿಂದೆ ಆಲೆಮನೆಯವರ ಜೊತೆ ಇಲಾಖೆಯವರು ಇಂಥದೇ ಒಂದು ಮಾಡಿದ್ದರು. ಆಲೆಮನೆಯವರು ಬದುವಿನ ಹೂಗಿಡ ಕಡಿಯುವುದು ಬಿಟ್ಟರು, ಔಷಧಿ ಹೊಡೆಯುವುದು ಬಿಟ್ಟರು, ಜೇನು ತಿರುಗಿ ಬಂದವು. ಏಳು ವರ್ಷದಿಂದ ಸಪ್ಪೆ ನಾಲಗೆಯಲ್ಲಿದ್ದ ಜೇನು ಬೆಡಗಿನವರು ಬೀದಿಯಲ್ಲಿ ನಿಂತು ಬೆಲ್ಲ ನೆಕ್ಕಿ ಅತ್ತದ್ದನ್ನು ನಾನೇ ಕಂಡಿದ್ದೇನೆ. ಆಲೆಮನೆಯ ಯಜಮಾನನ ಹೆಂಡತಿಯೂ ಜೇನು ಬೆಡಗಿನವಳೇ. ಅದು ಆಗ ನಮಗೆ ಮುಖ್ಯವಾಗಿ ಕಾಣಲಿಲ್ಲ.

ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಇಲಾಖೆಯ ಸಾಹೇಬರು ಒಬ್ಬರು, ಕಂಪನಿಯ ಕಡೆಯಿಂದ ವಸುಧಾ ಮೇಡಮ್. ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ಕಪ್ಪೆಯನ್ನು ಬರಿಗೈಲಿ ಹಿಡಿಯುತ್ತಿದ್ದಳು, ಅದಕ್ಕೇ ನಮಗೆ ಹಿಡಿಸಿದಳು. ನಮ್ಮ ಬೆಡಗಿನ ಹಿರಿಯ ದೊಡ್ಡೀರಪ್ಪ ಸೀಳು ದನಿಯಲ್ಲೇ ಕೇಳಿದ: “ಅಲ್ಲಮ್ಮಾ, ಕಪ್ಪೆ ಸಾಕಾಕೆ ಕಂಪನಿ ಯಾಕವ್ವ? ಅವೇನ್ ಎಮ್ಮೇನಾ, ಹುಲ್ಲು ಹಾಕ್ಬೇಕು ಅನ್ನಾಕೆ?”

ಜನ ನಕ್ಕರು. ಮೇಡಮ್ ನಗಲಿಲ್ಲ. “ಯಜಮಾನ್ರೇ, ಕೆರೆ ಕೆಡಿಸಿದವರೇ ಕೆರೆಯ ಜೀವ ನೋಡ್ಕೋಬೇಕು. ಈ ಯೋಜನೆ ಇರೋದೇ ಅದಕ್ಕೆ” ಅಂದಳು.

ಸಾಹೇಬರು ಕೆಮ್ಮಿದರು. ಕೆಡಿಸಿದವರು ಎಂಬ ಮಾತು ಅಷ್ಟು ಸಲೀಸಾಗಿ ಕಂಪನಿಯವರ ಬಾಯಿಂದಲೇ ಬಂದಾಗ ನಮಗೆ ಎದೆ ತಣ್ಣಗಾಯಿತು. ಕೆರೆ ಸೋಸುವವರೆಗೆ, ಎರಡು ತಿಂಗಳ ಮಟ್ಟಿಗೆ, ಕಪ್ಪೆಗಳನ್ನು ಕಾರ್ಖಾನೆಯ ಆವರಣದ ಒಳಗೆ ಸಿಮೆಂಟಿನ ತೊಟ್ಟಿ ಕಟ್ಟಿ, ನೆರಳು ಮಾಡಿ, ಶುದ್ಧ ನೀರಲ್ಲಿ ಇಡುತ್ತಾರಂತೆ. ಒಪ್ಪಂದದ ಕಾಗದ ಮುಂದೆ ಬಂತು. ನಮ್ಮ ಬೆಡಗಿನಲ್ಲಿ ಓದಬಲ್ಲವಳು ನಾನೊಬ್ಬಳೇ, ಅದೂ ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತದ್ದು. “ಓದಕ್ಕ ಸಣ್ಣೀರಕ್ಕ, ನೀನು ಓದಿದ್ರೆ ನಾವು ಕೇಳ್ದಂಗೆ” ಅಂದರು. ನಾನು ಬೆರಳಿಟ್ಟು ಓದಿದೆ. ಸಾಹೇಬರೂ ಮೇಡಮ್ಮೂ ಪಕ್ಕದಲ್ಲಿ ನಿಂತು ತೊಟ್ಟಿಯ ನಕ್ಷೆ ನೋಡುತ್ತ ಮಾತಾಡಿಕೊಳ್ಳುತ್ತಿದ್ದರು.

ಐದನೆಯ ಸಾಲಿನಲ್ಲಿ ‘ಕಪ್ಪೆಗಳ ಸಂಪೂರ್ಣ ಹಸ್ತಾಂತರಕ್ಕೆ ಸಮುದಾಯದ ಒಪ್ಪಿಗೆ ಇರುತ್ತದೆ’ ಎಂದಿತ್ತು. ನಾನು ಅಲ್ಲಿ ನಿಂತೆ. ರಾತ್ರಿ ಶಾಲೆಯ ಮೇಷ್ಟ್ರು ಹೇಳುತ್ತಿದ್ದರು, ದೊಡ್ಡ ಪದ ಕಂಡರೆ ಹೆದರಬೇಡಿ, ಅವರೆಕಾಯಿ ಬಿಡಿಸಿದ ಹಾಗೆ ಬಿಡಿಸಿ, ಒಳಗೆ ಸಣ್ಣ ಸಣ್ಣ ಕಾಳು ಸಿಗುತ್ತವೆ ಎಂದು. ಬಿಡಿಸಿದೆ. ಹಸ್ತ. ಅಂತರ. ಎರಡೂ ನನಗೆ ಗೊತ್ತಿದ್ದ ಕಾಳುಗಳೇ.

“ಏನಂತೆ ಅದು?” ಎಂದ ದೊಡ್ಡೀರಪ್ಪ.

“ಹಸ್ತ ಅಂದ್ರೆ ಕೈ, ಅಂತರ ಅಂದ್ರೆ ದೂರ. ಕೈಯಳತೆ ದೂರದಲ್ಲೇ ಇಡ್ತಾರಂತೆ ಕಣಪ್ಪ. ಕೈ ಚಾಚಿದ್ರೆ ಸಿಗ್ಬೇಕು, ಅಷ್ಟೇ ದೂರ. ಸಂಪೂರ್ಣ ಅಂತ ಬೇರೆ ಬರೆದವ್ರೆ, ಒಂದು ಬೆರಳೂ ಆಚೀಚೆ ಆಗಂಗಿಲ್ಲ.”

“ಅಂಗಾರೆ ಸರಿ” ಎಂದು ಎಲ್ಲರ ಉಸಿರು ಇಳಿಯಿತು. ಬೀದಿಯವರೆಲ್ಲ ಹೆಬ್ಬೆಟ್ಟು ಒತ್ತಿದರು. ನಾನು ಮಾತ್ರ ರುಜು ಹಾಕಿದೆ, ಬಿಂಕದಿಂದಲೇ ಹಾಕಿದೆ.

ಕಪ್ಪೆ ಹಿಡಿದವರೂ ನಾವೇ. ಬೇರೆಯವರ ಕೈಗೆ ಅವು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹೆಂಗಸರೆಲ್ಲ ಮೊಣಕಾಲುದ್ದ ಕೆಸರಲ್ಲಿ ನಿಂತು ಹಿಡಿದು ಒದ್ದೆ ಗೋಣಿಚೀಲಕ್ಕೆ ಬಿಟ್ಟೆವು. ಮಾಳವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಹಿಡಿದಳು. “ಎರಡು ತಿಂಗಳು ನೆಂಟರ ಮನೇಲಿದ್ದು ಬನ್ನಿ, ಚೆನ್ನಾಗಿ ತಿಂದು ದಪ್ಪ ಆಗಿ, ಭರಣಿ ಮಳೆಗೆ ಗಂಟಲು ಕಿತ್ತೋಗಂಗೆ ಕೂಗ್ಬೇಕು ನೀವು” ಎಂದು ಒಂದೊಂದಕ್ಕೂ ಹೇಳಿ ಚೀಲದೊಳಗೆ ಬಿಡುತ್ತಿದ್ದಳು. ಅವು ಹೋದ ವಾರದಲ್ಲೇ ಆ ವರ್ಷದ ಕೊನೆಯ ಮಳೆ ಹೊಡೆಯಿತು. ತೊಟ್ಟಿಯಲ್ಲಿ ಕಪ್ಪೆಗಳು ಜೋರಾಗಿ ಕೂಗಿದುವಂತೆ. ಮೇಡಮ್ ತನ್ನ ಫೋನಿನಲ್ಲಿ ಹಿಡಿದಿಟ್ಟುಕೊಂಡಳಂತೆ. ಅಂತೆ ಎನ್ನುವುದೇಕೆಂದರೆ ನಮ್ಮ ಬೀದಿಗೆ ಅದು ಕೇಳಿಸಲಿಲ್ಲ. ಚೀಲಗಳು ಕಾರ್ಖಾನೆಯ ಗೇಟು ದಾಟಿದ ಸಂಜೆಯೇ ನಮ್ಮೆಲ್ಲರ ಬಾಯಿ ಬಿದ್ದುಹೋಗಿತ್ತು.

ಕಾರ್ಖಾನೆಯ ಗೋಡೆಗೂ ನಮ್ಮ ಬೀದಿಗೂ ಅರ್ಧ ಗಂಟೆಯ ದಾರಿ. ಗೋಡೆಯ ಬುಡಕ್ಕೆ ಹೋದರೆ ದನಿ ಬರುತ್ತಿತ್ತು, ನೂರು ಹೆಜ್ಜೆ ಈಚೆ ಬಂದರೆ ಇಲ್ಲ. ಮೊದಲ ತಿಂಗಳು ಕಷ್ಟವಾಯಿತು, ಆಮೇಲೆ ಜನ ಒಗ್ಗಿಕೊಂಡರು. ಆಡಬೇಕಾದ್ದನ್ನೆಲ್ಲ ಕಟ್ಟಿಟ್ಟುಕೊಂಡು ಮಧ್ಯಾಹ್ನ ಗೋಡೆಗೆ ಹೋಗುವುದು. ಹೆಣ್ಣು ನೋಡುವುದು, ಪಾಲು ಪಂಚಾಯ್ತಿ, ಸೋಬಾನೆ, ಶಾಪ ಎಲ್ಲ ಅಲ್ಲೇ. ಮನೆಯಲ್ಲಿ ಗಂಡ ಹೆಂಡತಿಗೆ ಬಿಸಿಯಾದರೆ ಹೆಂಡತಿ ಗೋಡೆಯ ಕಡೆ ಬೆರಳು ತೋರುವಳು. ಬಾ ಅಲ್ಲಿಗೆ, ಹೇಳ್ತೀನಿ ನಿನಗೆ, ಎಂದು ಅದರ ಅರ್ಥ. ಅರ್ಧ ಗಂಟೆ ನಡೆದು ಹೋಗುವಷ್ಟರಲ್ಲಿ ಎಷ್ಟೋ ಜಗಳ ಆರಿಹೋಗುತ್ತಿದ್ದವು. ಗೇಟಿನ ಕಾವಲಿನವನಿಗೆ ಬೀದಿಯ ಗುಟ್ಟೆಲ್ಲ ತಿಳಿದು ಅವನು ದೊಡ್ಡ ಮನುಷ್ಯನಾದ. ಆದರೆ ಹಾಸಿಗೆ ಹಿಡಿದವರನ್ನು ಗೋಡೆಗೆ ಹೊರಲಾಗುತ್ತದೆಯೆ? ನಮ್ಮ ಸಾಲಿನ ಕೊನೆಯ ಮನೆಯ ಪುಟ್ಟನಂಜಿ ಮೂರು ದಿನ ತುಟಿ ಅಲ್ಲಾಡಿಸುತ್ತ ಮಲಗಿದ್ದು ಪ್ರಾಣ ಬಿಟ್ಟಳು. ನೀರು ಕೇಳಿದಳೋ, ಮಗನ ಹೆಸರು ಹೇಳಿದಳೋ, ಇವತ್ತಿಗೂ ಗೊತ್ತಿಲ್ಲ. ಅವಳ ಸೊಸೆ ನೀರು ಹಾಕಿ, ಮಗನನ್ನೂ ತಂದು ಕೂರಿಸಿ, ಎರಡನ್ನೂ ಮಾಡಿದಳು ಪಾಪ.

ಎರಡು ತಿಂಗಳು ನಾಲ್ಕಾಯಿತು, ಐದಾಯಿತು. ಕೆರೆ ಸೋಸುವವರು ಬರಲಿಲ್ಲ. ಕೆರೆಗೆ ದೊಡ್ಡ ಪೈಪು ಬಂತು. ಇದ್ದ ನೀರೂ ಕಾರ್ಖಾನೆಗೆ ಏರಿತು. ವರ್ಷದ ಮೊದಲ ಮಳೆ ಭರಣಿಗೆ ಹದಿನೈದು ದಿನ ಇರುವಾಗ ನಾನೂ ಮಾಳವ್ವನೂ ದೊಡ್ಡೀರಪ್ಪನೂ ಮೇಡಮ್ಮನ್ನು ಗೋಡೆಯ ಹತ್ತಿರ ನಿಲ್ಲಿಸಿ ಕೇಳಿದೆವು.

“ಕಪ್ಪೆ ಯಾವತ್ತು ತರ್ತೀರಮ್ಮ? ಕೂಸಿಗೆ ಇದೇ ಕೊನೇ ಮಳೆ.”

ಮೇಡಮ್ಮಿಗೆ ಅರ್ಥವಾಗಲಿಲ್ಲ. “ತರೋದು ಅಂದ್ರೆ?”

“ಕಾಗದದಲ್ಲಿ ಐತಲ್ಲ, ಕೈಯಳತೆ ದೂರದಲ್ಲಿ ಇಡ್ತೀವಿ ಅಂತ. ಅರ್ಧ ಗಂಟೆ ದೂರ ಯಾರ ಕೈ ಚಾಚುತ್ತೆ?”

ಅವಳು ಕಾಗದ ತರಿಸಿದಳು. ನಾನು ಬೆರಳಿಟ್ಟ ಸಾಲನ್ನು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಸಾಲು ನೋಡಿದಳು. “ಅಜ್ಜಿ... ಹಸ್ತಾಂತರ ಅಂದ್ರೆ ಅದಲ್ಲ ಅಜ್ಜಿ. ಕೊಟ್ಟುಬಿಡೋದು ಅಂತ. ನಿಮ್ಮ ಕೈಯಿಂದ ನಮ್ಮ ಕೈಗೆ. ಪೂರ್ತಿಯಾಗಿ.”

ದೊಡ್ಡೀರಪ್ಪ ನನ್ನನ್ನು ಬಯ್ಯಬಹುದಿತ್ತು. ದನಿ ಇದ್ದ ಜಾಗ ಅದು. ಹೆಗಲ ಟವಲ್ಲು ತೆಗೆದು ಒದರಿ ಮತ್ತೆ ಹಾಕಿಕೊಂಡ. ಮಾಳವ್ವ ಮಾತ್ರ, “ಅವ್ವಾ, ಆ ಪದ ಬರ್ದೇ ಇದ್ದಿದ್ರೆ ಬರಲ್ಲ ಅನ್ನಬಾರದಿತ್ತಾ?” ಎಂದಳು. ಅಷ್ಟೇ ಅಂದದ್ದು. ಮೂವತ್ತು ವರ್ಷ ಸಾಕಿದ ಮಗಳು ಅಷ್ಟನ್ನೇ ಅಂದರೆ ಎಷ್ಟು ಭಾರ ಇರುತ್ತದೆಂದು ಅಂದಿಸಿಕೊಂಡವರಿಗೇ ಗೊತ್ತು.

ಮೇಡಮ್ಮಿನ ಕಣ್ಣು ತುಂಬಿತ್ತು. “ಕಪ್ಪೆ ಹೊರಗೆ ಬಿಡೋ ಅಧಿಕಾರ ನನಗಿಲ್ಲ. ಇಲಾಖೆಯವರೂ ಒಪ್ಪಬೇಕು, ಮೇಲಿನವರೂ ಒಪ್ಪಬೇಕು. ಆದ್ರೆ ಗೇಟು ತೆಗೆಸ್ತೀನಿ. ಮೊದಲ ಮಳೆ ದಿನ ಕೂಸನ್ನ ತೊಟ್ಟಿ ಹತ್ರಾನೇ ಕರ್ಕೊಂಡು ಬನ್ನಿ. ಇದು ನನ್ನ ಮಾತು” ಎಂದಳು. ನಮಗೆ ಅಷ್ಟಾದರೂ ಸಾಕಿತ್ತು. ಕೂಗು ಎಲ್ಲಿಂದ ಬಂದರೇನು, ಕೂಸಿನ ಕಿವಿಗೆ ಬಿದ್ದರಾಯಿತು.

ಅದಾಗಿ ಎಂಟನೆಯ ದಿನ. ಮಧ್ಯಾಹ್ನ ಗೋಡೆಯ ಬುಡದಲ್ಲಿ ದೊಡ್ಡೀರಪ್ಪನಿಗೂ ಅವನ ನಾದಿನಿಗೂ ಮೇಕೆಯ ವಿಷಯಕ್ಕೆ ಜಗಳ ಹತ್ತಿತ್ತು. “ನಿನ್ನ ಮೇಕೆಗೆ ನನ್ನ ಹುರುಳಿ ಹೊಲಾನೇ ಮಾವನ ಮನೆ ಆಗೋಯ್ತೇನೇ, ದಿನಾ ಬಂದು...” ಎಂದವನ ಬಾಯಿ ಆಡುತ್ತಲೇ ಇತ್ತು, ಮಾತು ನಿಂತಿತು. ಸೋತ ಎಂದುಕೊಂಡು ನಾದಿನಿ ನಗಲು ಬಾಯಿ ತೆರೆದಳು. ಅವಳ ನಗುವಿಗೂ ಸದ್ದಿರಲಿಲ್ಲ. ಗೋಡೆಯುದ್ದಕ್ಕೂ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ಹೊಂಗೆ ಮರದಲ್ಲಿ ಎಲೆ ಅಲ್ಲಾಡುವುದು ಕೇಳಿಸುತ್ತಿತ್ತು.

ಸುದ್ದಿ ತಂದವನು ಅಳಿಯ ಮುದ್ದಪ್ಪ. ಅವನು ಬಾವಲಿ ಬೆಡಗಿನವನು, ಅವನ ದನಿಗೆ ಏನೂ ಆಗಿರಲಿಲ್ಲ. ಕಾರ್ಖಾನೆಯಲ್ಲಿ ಪಂಪು ನೋಡಿಕೊಳ್ಳುತ್ತಿದ್ದ. ಬಾಗಿಲಲ್ಲೇ ನಿಂತು ಹೇಳಿದ: “ಅತ್ತೆ, ಎಲ್ಲಾ ಹೋದ್ವು. ಪಾಲುದಾರಿಕೆ ನೋಡಾಕೆ ದೊಡ್ಡೋರು ಬತ್ತವ್ರಂತೆ, ತೊಟ್ಟೀಲಿ ಪಾಚಿ ಕಟ್ಟೈತೆ, ನೋಡಾಕೆ ಚೆಂದಾಗಿಲ್ಲ, ಉಜ್ಜಿಸಿ ಅಂತ ಮೇಡಮ್ಮೇ ಹೇಳಿದ್ರು. ಉಜ್ಜೋರು ಬಿಳೀ ಪುಡಿ ಹಾಕಿ ಉಜ್ಜಿದ್ರು. ನೀರು ಕನ್ನಡಿ ಆದಂಗಾಯ್ತು. ಮಧ್ಯಾಹ್ನ ಆಗೋದ್ರಲ್ಲಿ ಹೊಟ್ಟೆ ಮೇಲೆ ಮಾಡಿ...” ನನಗೆ ಕೇಳಲು ಬಾಯಿಲ್ಲ. ಸ್ಲೇಟಿನಲ್ಲಿ ‘ಒಂದೂ?’ ಎಂದು ಬರೆದು ತೋರಿಸಿದೆ. ಅವನಿಗೆ ಓದು ಬಾರದು, ಆದರೂ ತಿಳಿಯಿತು. “ಒಂದೂ ಇಲ್ಲ ಅತ್ತೆ. ಮೇಡಮ್ಮು ಅಲ್ಲೇ ಕುಂತು ಒಂದೊಂದೇ ಎತ್ತಿ ನೋಡ್ತಾವ್ರೆ.”

ಮಾಳವ್ವ ಕೂಸಿಗೆ ಅನ್ನ ತಿನ್ನಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಕೊನೆಯ ತುತ್ತಿನವರೆಗೂ ತಿನ್ನಿಸಿ, ಬಾಯಿ ತೊಳೆದು, ಒರೆಸಿ, ಆಮೇಲೆ ಒಳಗೆ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತಳು.

ಭರಣಿ ಮಳೆ ಹಗಲಿನಲ್ಲೇ ಬಂತು, ಊಟದ ಹೊತ್ತು ಕಳೆದ ಮೇಲೆ. ಮಣ್ಣಿನ ವಾಸನೆ ಎದ್ದ ಕೂಡಲೇ ಮಾಳವ್ವ ಕೂಸನ್ನು ಎತ್ತಿಕೊಂಡಳು. ಎಲ್ಲಿಗೆ ಎಂದು ಕೈಯಲ್ಲಿ ಕೇಳಿದೆ. ಅವಳು ಗೇಟಿನ ಕಡೆ ತೋರಿಸಿದಳು. ಹುಚ್ಚು ಎಂದುಕೊಂಡೆ, ಆದರೂ ಹಿಂದೆ ಹೋದೆ. ಮೇಡಮ್ ಮಾತಿನಂತೆ ಗೇಟು ತೆಗೆಸಿದ್ದಳು. ಒಳಗೆ ಶಾಮಿಯಾನ, ಕುರ್ಚಿ, ದೊಡ್ಡ ಊರುಗಳಿಂದ ಬಂದ ಗಣ್ಯರು. ಯಾರ ತಲೆಯ ಮೇಲೂ ಒಂದು ಹನಿ ಬೀಳದಂತೆ ಕೊಡೆ ಹಿಡಿದಿದ್ದರು. ತೊಟ್ಟಿಯ ಸುತ್ತ ಕುಂಡಗಳು. ನೀರಿನ ಮೇಲೆ ತಾವರೆ ಎಲೆ ಹಾಸಿದ್ದರು, ಒಳಗೆ ಏನಿದೆ ಏನಿಲ್ಲ ಎಂದು ಕಾಣುತ್ತಿರಲಿಲ್ಲ. ತೊಟ್ಟಿಯ ತಲೆಯ ಮೇಲೆ ಕಂಬಕ್ಕೆ ಒಂದು ಮೈಕು ಕಟ್ಟಿದ್ದರು. ಯಾರೋ ಕೈ ಮಾಡಿದರು. ಮೈಕು ಒಮ್ಮೆ ಗೊರಗುಟ್ಟಿ ಕೂಗತೊಡಗಿತು.

ನಮ್ಮ ಕಪ್ಪೆಗಳೇ. ಫೋನಿನಲ್ಲಿ ಹಿಡಿದಿಟ್ಟ ಕೊನೆಯ ಮಳೆಯ ಕೂಗು. ಅದರಲ್ಲಿ ನಾನೇ ಕೆಸರಿನಿಂದ ಎತ್ತಿದ ಒಂಟಿಕಣ್ಣಿನ ದೊಡ್ಡ ಗಂಡಿನ ದನಿಯೂ ಇತ್ತು. ನಾನು ಬಾಯಿ ತೆರೆದೆ. ಬರಲಿಲ್ಲ. ನಮ್ಮವು ಬದುಕಿರುವ ಕಪ್ಪೆಗೆ ಒಗ್ಗಿದ ಗಂಟಲು. ಕೂಸಿನದು ಇನ್ನೂ ಯಾವುದಕ್ಕೂ ಒಗ್ಗಿರಲಿಲ್ಲ. ಅದು ಮಾಳವ್ವನ ಸೊಂಟದ ಮೇಲೆ ನೆಟ್ಟಗಾಯಿತು, ಕತ್ತು ಎತ್ತಿತು, ತುಟಿ ಕೂಡಿಸಿ ಬಿಟ್ಟಿತು.

“ಅವ್ವಾ.”

ಸ್ಪಷ್ಟವಾಗಿ. ಕುರ್ಚಿಯಲ್ಲಿದ್ದವರೂ ತಿರುಗಿ ನೋಡಿದರು. ಮಾಳವ್ವ ಕೂಸಿನ ಮುಖವನ್ನು ಎರಡು ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅದು ಮುಖ ಬಿಡಿಸಿಕೊಂಡು ಮತ್ತೆ ಮೈಕಿನ ಕಡೆಗೇ ತಿರುಗಿತು. ಎರಡು ಕೈಯನ್ನೂ ಅದರತ್ತ ಚಾಚಿತು. ಮೈಕಿನಲ್ಲಿ ಕೂಗು ಮುಗಿದು ಗೊರಗುಟ್ಟಿ ಮತ್ತೆ ಮೊದಲಿಂದ ಶುರುವಾಯಿತು. ಅದೇ ಜಾಗ ಬಂದಾಗ ಕೂಸು ಮತ್ತೆ ಅಂದಿತು, “ಅವ್ವಾ.” ಅದೇ ಏರು, ಅದೇ ಇಳಿತ, ಕೂದಲೆಳೆ ವ್ಯತ್ಯಾಸವಿಲ್ಲ. ಆರು ಸಲ ಕೇಳಿದೆ. ಮೈಕು ನಿಲ್ಲಿಸಿದರು, ಕೂಸಿನ ಮಾತೂ ನಿಂತಿತು.

ಗಣ್ಯರು ಹೋದ ಮೇಲೆ ಮೇಡಮ್ ಒಂದು ಕಾಗದ ಹಿಡಿದು ನನ್ನ ಹತ್ತಿರ ಬಂದು ಒದ್ದೆ ನೆಲದ ಮೇಲೇ ಕೂತಳು. ನಿದ್ದೆ ಇಲ್ಲದ ಮುಖ. ಸಮುದಾಯದ ಸಾಕ್ಷಿ ಎಂಬಲ್ಲಿ ಕಪ್ಪೆಗಳ ಸ್ಥಿತಿ ಏನೆಂದು ಬೆಡಗಿನವರು ಸ್ವಂತ ಕೈಯಲ್ಲಿ ಬರೆಯಬೇಕಿತ್ತು. “ನಾನು ಏನೂ ಹೇಳ್ಕೊಡಲ್ಲ ಅಜ್ಜಿ. ಇಲ್ಲ ಅಂತ ಬರೆದ್ರೆ ಯೋಜನೆ ಮುಚ್ಚುತ್ತೆ. ನನ್ನ ಮೇಲೆ ವಿಚಾರಣೆ ಆಗುತ್ತೆ, ಆಗಬೇಕು. ತೊಟ್ಟಿ ಒಡೆದು ಗೋಡೌನು ಕಟ್ತಾರೆ. ಇದೆ ಅಂತ ಬರೆದ್ರೆ...” ಎಂದು ಮೈಕಿನ ಕಡೆ ನೋಡಿದಳು. “ದಿನಾ ನಾಲ್ಕು ಗಂಟೆಗೆ ಹಾಕಿಸ್ತೀನಿ. ಗೇಟು ನಿಮಗೆ ತೆಗೆದಿರುತ್ತೆ.”

ನಾನು ಕಾಗದ ಓದಿದೆ. ಈ ಸಲ ಎರಡು ಸಲ ಓದಿದೆ, ಬಿಡಿಸುವ ಪದ ಒಂದೂ ಇರಲಿಲ್ಲ. ಸತ್ತದ್ದನ್ನು ಸತ್ತಿದೆ ಎಂದು ಬರೆಯಲು ಕೈ ಹೋಯಿತು. ಇವತ್ತು ನಾನು ಇಲ್ಲ ಎಂದು ಬರೆದರೆ ಮುಂದೆ ಇನ್ನೊಂದು ಊರಿನ ಇನ್ನೊಂದು ಬೆಡಗಿನವರಾದರೂ ಕೊಡುವ ಮುಂಚೆ ಕೇಳಿಯಾರು ಎಂಬುದು ನನಗೆ ಗೊತ್ತಿತ್ತು. ಪೆನ್ನು ಕಾಗದಕ್ಕೆ ತಾಗುವ ಮುಂಚೆ ಮಾಳವ್ವ ನನ್ನ ಮುಂಗೈ ಹಿಡಿದಳು. ಬೇಡಲಿಲ್ಲ, ಕಾಲಿಗೆ ಬೀಳಲಿಲ್ಲ. ಕೈ ಹಿಡಿದು, ಕೂಸಿನ ತುಟಿಯ ಮೇಲೆ ನನ್ನ ಬೆರಳು ಇಡಿಸಿದಳು. ಅದು ಇನ್ನೂ ಬೆಚ್ಚಗೆ, ಆಡಿದ ಬಾಯಿಯ ಒದ್ದೆಯಲ್ಲಿತ್ತು.

ಬರೆದೆ. ಕಪ್ಪೆಗಳು ಕ್ಷೇಮ. ‘ಕ್ಷ’ ಕಲಿಯಲು ನನಗೆ ಒಂದು ತಿಂಗಳು ಹಿಡಿದಿತ್ತು. ಆ ದಿನ ಒಂದೇ ಸಲಕ್ಕೆ ಸರಿಯಾಗಿ ಬಂತು. ಮೇಡಮ್ ಕಾಗದ ತೆಗೆದುಕೊಂಡು ಹೋದಳು. ಯಾರ ಮುಖವನ್ನೂ ನೋಡಲಿಲ್ಲ. ಮುಂದಿನ ವರ್ಷ ನಮ್ಮ ಪಾಲುದಾರಿಕೆಯನ್ನು ಮಾದರಿ ಎಂದು ಇನ್ನೂ ಮೂರು ಊರುಗಳಿಗೆ ಒಯ್ದರಂತೆ. ಆ ಊರುಗಳಲ್ಲಿ ಯಾವ ಬೆಡಗಿದೆಯೋ, ಅವರದು ಯಾವುದು ಯಾವ ಜೀವದಲ್ಲಿದೆಯೋ ನನಗೆ ತಿಳಿಯದು.

ಕೂಸಿಗೆ ಈಗ ಐದು ವರ್ಷ. ಹೆಸರಿಟ್ಟಿಲ್ಲ. ಅದು ಮಾತೋ ಅಲ್ಲವೋ ಎಂದು ಹಿರಿಯರಿಗೆ ತೀರ್ಮಾನವಾಗಿಲ್ಲ, ತೀರ್ಮಾನ ಹೇಳಲು ಅವರಿಗೂ ದನಿಯಿಲ್ಲ. ದಿನಾ ನಾಲ್ಕು ಗಂಟೆಗೆ ಮಾಳವ್ವ ಅದನ್ನು ತೊಟ್ಟಿಯ ಎದುರು ಕೂರಿಸುತ್ತಾಳೆ. ಮೊದಲೆಲ್ಲ ಪಕ್ಕದಲ್ಲೇ ಕೂರುತ್ತಿದ್ದಳು. ಆಮೇಲೆ ಅವಳೇ ಒಂದು ಜಾಗ ಕಂಡುಕೊಂಡಳು. ಮೈಕಿನ ಕಂಬದ ಬುಡದಲ್ಲಿ ಒಂದು ಕಲ್ಲು ಹಾಕಿ ಅದರ ಮೇಲೆ ನಿಲ್ಲುತ್ತಾಳೆ, ಅವಳ ತಲೆ ಸರಿಯಾಗಿ ಮೈಕಿನ ಬಾಯಿಯ ಮುಂದೆ ಬರುವ ಹಾಗೆ. ಕೂಗು ಅವಳ ಕಿವಿಯನ್ನೇ ಹರಿದುಕೊಂಡು ಹೋಗುತ್ತದೆ, ಈಗ ಆ ಕಡೆಯ ಕಿವಿ ಕೇಳುವುದೂ ಇಲ್ಲ. ಕೂಸು ಕೈ ಚಾಚಿ “ಅವ್ವಾ” ಎನ್ನುತ್ತದೆ. ಮಾಳವ್ವ ಪ್ರತಿ ಸಲವೂ ತುಟಿ ಅಗಲಿಸಿ, ಸದ್ದಿಲ್ಲದ ಬಾಯಲ್ಲಿ, ಓ ಎಂದು ಓಗೊಡುತ್ತಾಳೆ.